ಇಬ್ಬರು ಅಪ್ಪಂದಿರು, ಎರಡು ಶಾಲೆಗಳು

"ಮನೇಲಿ ಸನ್ನೆ ಮಾಡೋದನ್ನ ಇವತ್ತಿಂದಲೇ ನಿಲ್ಲಿಸಿಬಿಡಿ. ಕೈ ಆಡಿಸೋದು ರೂಢಿ ಆದ್ರೆ ಮಾತು ಬರೋದೇ ಇಲ್ಲ."

ಒಂದು ಶಾಲೆಯ ಹೆಡ್ ಮೇಡಂ ನಮ್ಮಕ್ಕನಿಗೆ ಹೀಗೆ ಹೇಳಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಅಕ್ಕ ಅಂದರೆ ದೊಡ್ಡಪ್ಪನ ಮಗಳು. ಅವಳ ಮಗಳು ಪುಟ್ಟಿಗೆ ಈಗ ಮೂರು ವರ್ಷ. ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿಲ್ಲ ಅಂತ ಗೊತ್ತಾಗಿದ್ದು ಒಂದೂವರೆ ವರ್ಷವಾದ ಮೇಲೆ. ಅಲ್ಲಿಂದ ಡಾಕ್ಟರು, ಪರೀಕ್ಷೆ, ಕಿವಿಗೆ ಹಾಕುವ ಮೆಷೀನು ಅಂತ ಅಲೆದಾಡಿ, ಈಗ ಶಾಲೆ ಹುಡುಕುವ ಸರದಿ. ಭಾವನಿಗೆ ರಜೆ ಸಿಗದ ದಿನ ಕಾರು ಓಡಿಸುವ ಡ್ಯೂಟಿ ನನ್ನದು.

ಪುಟ್ಟಿಗೆ ಒಂದು ಇಪ್ಪತ್ತು ಮೂವತ್ತು ಸನ್ನೆಗಳಿವೆ. ಯಾರೂ ಕಲಿಸಿದ್ದಲ್ಲ. ಮೂಗಿನ ಪಕ್ಕ ಬೆರಳಿಟ್ಟರೆ ಅಜ್ಜಿ (ದೊಡ್ಡಮ್ಮನ ಮೂಗುಬೊಟ್ಟು ಅಷ್ಟು ದೊಡ್ಡದು). ಎರಡೂ ಕಣ್ಣಿಗೆ ಬೆರಳಿನ ಉಂಗುರ ಮಾಡಿದರೆ ಸೋಡಾಗ್ಲಾಸ್ ಮಾಮ, ಅಂದರೆ ನಾನು :) ಆ ಮೇಡಂ ನಿಲ್ಲಿಸಿ ಅಂದಿದ್ದು ಇದನ್ನು.

ಮುಂದಿನ ವಾರ ಹೋದ ಇನ್ನೊಂದು ಶಾಲೆಯಲ್ಲಿ ಇದರ ಉಲ್ಟಾ. "ಮಾತು ಮಾತು ಅಂತ ಮಗೂನ ಯಾಕೆ ಹಿಂಸೆ ಮಾಡ್ತೀರ? ಸನ್ನೆ ಭಾಷೆ ಒಂದೇ ಸಾಕು" ಅಂದರು. ವಾಪಸ್ ಬರುವಾಗ ಟ್ರಾಫಿಕ್ಕಿನಲ್ಲಿ ಅಕ್ಕ ಕೇಳಿದಳು, "ಇಬ್ರೂ ಇಷ್ಟು ಖಡಾಖಂಡಿತವಾಗಿ ಹೇಳ್ತಾರಲ್ಲೋ, ಯಾರನ್ನ ನಂಬ್ಲಿ ನಾನು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಡಾಕ್ಟರಲ್ಲ, ಟೀಚರೂ ಅಲ್ಲ. ಆದರೆ ಕೋಡಿನಲ್ಲಿ ಅರ್ಥವಾಗದ ಒಂದು ಸಾಲು ಕಂಡರೆ ನಾವೇನು ಮಾಡುತ್ತೇವೆ? ಇದನ್ನು ಯಾರು, ಯಾವಾಗ, ಯಾಕೆ ಸೇರಿಸಿದರು ಅಂತ ಹಿಸ್ಟರಿ ತೆಗೆದು ನೋಡುತ್ತೇವೆ. "ಸನ್ನೆ ಮಾಡಿದರೆ ಮಾತು ಬರಲ್ಲ" ಅನ್ನುವ ಸಾಲಿಗೂ ಅಂಥದೊಂದು ಹಿಸ್ಟರಿ ಇದೆ. ಕೆಲವು ವಾರಗಳಿಂದ ರಾತ್ರಿ ಕೂತು ಓದುತ್ತಿರುವುದು ಅದನ್ನೇ. ಓದಿದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಬ್ಬರು ಅಪ್ಪಂದಿರ ಕಥೆ. ಇಬ್ಬರೂ ಅಮೆರಿಕದವರು, ಇಬ್ಬರ ಮಗಳೂ ಕಿವುಡಿ, ಇಬ್ಬರ ಎದುರಿಗೂ ಇದ್ದದ್ದು ಅಕ್ಕನ ಪ್ರಶ್ನೆಯೇ. ಒಂದೇ ವ್ಯತ್ಯಾಸ, ಅವರಿಗೆ ಆರಿಸಿಕೊಳ್ಳಲು ಶಾಲೆಗಳೇ ಇರಲಿಲ್ಲ. ಕಟ್ಟಬೇಕಾಯಿತು.

(ಸರ್ಕಾರಿ ಕಾಗದಗಳಲ್ಲಿ "ಶ್ರವಣದೋಷವುಳ್ಳವರು" ಅಂತ ಬರೆಯುತ್ತಾರೆ. ನಾನು ಕಿವುಡರು ಅಂತಲೇ ಬರೆಯುತ್ತೇನೆ. ಅವರ ಸಂಘಗಳ ಹೆಸರಿನಲ್ಲೂ ಇರುವುದು ಅದೇ ಪದ.)

ಮೊದಲನೇ ಅಪ್ಪ ಮೇಸನ್ ಕಾಗ್ಸ್‌ವೆಲ್, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಊರಿನ ಡಾಕ್ಟರು. ಮಗಳು ಆಲಿಸ್ ಹುಟ್ಟಿದ್ದು 1805ರಲ್ಲಿ. ಎರಡು ವರ್ಷವಿದ್ದಾಗ ಜ್ವರ ಬಂದು ಕಿವಿ ಹೋಯಿತು, ಅದರ ಹಿಂದೆಯೇ ಆಗಷ್ಟೇ ಬರುತ್ತಿದ್ದ ತೊದಲು ಮಾತೂ ಹೋಯಿತು. ಆಗ ಇಡೀ ಅಮೆರಿಕದಲ್ಲಿ ಕಿವುಡ ಮಕ್ಕಳಿಗೆ ಕಾಯಂ ಆಗಿ ನಿಂತ ಒಂದು ಶಾಲೆಯೂ ಇರಲಿಲ್ಲ. ದುಡ್ಡಿದ್ದವರು ಮಕ್ಕಳನ್ನು ಹಡಗು ಹತ್ತಿಸಿ ಬ್ರಿಟನ್ನಿಗೆ ಕಳಿಸಬೇಕಿತ್ತು. ಕಾಗ್ಸ್‌ವೆಲ್‌ಗೆ ಅದು ಬೇಡವಾಗಿತ್ತು. 1812ರಲ್ಲಿ ಅವರು ರಾಜ್ಯದ ಪಾದ್ರಿಗಳ ಮೂಲಕ ಲೆಕ್ಕ ಹಾಕಿಸಿದರು, ಎಷ್ಟು ಜನ ಕಿವುಡರಿದ್ದಾರೆ ಅಂತ. ಸಿಕ್ಕಿದ ಸಂಖ್ಯೆ 84. ತನ್ನ ಮಗಳೊಬ್ಬಳಿಗೇ ಅಲ್ಲ, ಒಂದು ಶಾಲೆಗೆ ಸಾಕಾಗುವಷ್ಟು ಮಕ್ಕಳಿದ್ದಾರೆ ಅಂತ ಊರಿನ ಸಾಹುಕಾರರಿಗೆ ತೋರಿಸಲು ಇದು ಬೇಕಿತ್ತು. ಈಗಿನವರಾದರೆ ಪವರ್‌ಪಾಯಿಂಟ್ ಮಾಡುತ್ತಿದ್ದರು, ಅಷ್ಟೆ.

ಪಕ್ಕದ ಮನೆಗೆ ಥಾಮಸ್ ಗ್ಯಾಲಡೆಟ್ ಅಂತ ಒಬ್ಬ ಯುವಕ ಬರುತ್ತಿದ್ದ, ಆಗಷ್ಟೇ ಧರ್ಮಶಾಸ್ತ್ರ ಓದಿ ಮುಗಿಸಿದವನು. ಆಟದಿಂದ ದೂರ ನಿಂತಿದ್ದ ಆಲಿಸ್‌ಗೆ ತನ್ನ ಟೋಪಿ ತೋರಿಸಿ, ನೆಲದ ಮೇಲೆ ಕಡ್ಡಿಯಿಂದ "ಟೋಪಿ" ಅಂತ ಬರೆದು ಕಲಿಸಿದ ಅನ್ನುವುದು ಎಲ್ಲರೂ ಹೇಳುವ ಕಥೆ. 1815ರಲ್ಲಿ ಕಾಗ್ಸ್‌ವೆಲ್ ಮತ್ತು ಗೆಳೆಯರು ದುಡ್ಡು ಸೇರಿಸಿ ಇವನನ್ನೇ ಯುರೋಪಿಗೆ ಕಳಿಸಿದರು, ಪಾಠ ಮಾಡುವ ವಿದ್ಯೆ ಕಲಿತು ಬಾ ಅಂತ.

ಇಲ್ಲಿಂದ ಮುಂದಿನದು ನಮ್ಮ ಫೀಲ್ಡಿನವರಿಗೆ ತುಂಬಾ ಪರಿಚಿತ ಅನ್ನಿಸುತ್ತದೆ. ಬ್ರಿಟನ್ನಿನಲ್ಲಿ ಕಿವುಡರ ಶಿಕ್ಷಣ ಆಗ ಬ್ರೇಡ್‌ವುಡ್ ಅನ್ನುವ ಒಂದೇ ಕುಟುಂಬದ ಹಿಡಿತದಲ್ಲಿತ್ತು. 1760ರಲ್ಲಿ ಎಡಿನ್‌ಬರೋದಲ್ಲಿ ಶುರುವಾದ ಶಾಲೆ, ಮಾತಿಗೆ ಒತ್ತು, ಫೀಸು ಜೋರು. ಪದ್ಧತಿ ಮಾತ್ರ ಗುಟ್ಟು. ಗ್ಯಾಲಡೆಟ್ ಹೋಗಿ ಕೇಳಿದರೆ, ವರ್ಷಗಟ್ಟಲೆ ನಮ್ಮಲ್ಲಿ ಸಹಾಯಕನಾಗಿ ದುಡಿ, ಗುಟ್ಟು ಬಿಟ್ಟುಕೊಡಬೇಡ ಅಂತೆಲ್ಲ ಶರತ್ತು ಹಾಕಿದರು. ಪಕ್ಕಾ ಕ್ಲೋಸ್ಡ್ ಸೋರ್ಸ್! ಆದರೆ ಪ್ಯಾರಿಸ್ಸಿನಲ್ಲಿ ಇದಕ್ಕೆ ತದ್ವಿರುದ್ಧ ಪರಂಪರೆ ಇತ್ತು. ಅಬ್ಬೆ ದ ಲೆಪೆ ಅನ್ನುವ ಪಾದ್ರಿ 1760ರ ಸುಮಾರಿಗೆ ಅಲ್ಲಿನ ಕಿವುಡರ ಸನ್ನೆಗಳನ್ನು ತಾನೇ ಕಲಿತು, ಅದರಲ್ಲೇ ಪಾಠ ಮಾಡುವ ಶಾಲೆ ತೆಗೆದಿದ್ದರು. ಬಡವರ ಮಕ್ಕಳಿಗೂ ಪ್ರವೇಶ, ಫೀಸಿಲ್ಲ, ಯಾರು ಬೇಕಾದರೂ ಬಂದು ನೋಡಬಹುದು. ಲೆಪೆ ತೀರಿಕೊಂಡ ಮೇಲೆ ಅದನ್ನು ನಡೆಸುತ್ತಿದ್ದ ಸಿಕಾರ್ ಆಗ ಪ್ರದರ್ಶನಕ್ಕೆಂದು ಲಂಡನ್ನಿಗೆ ಬಂದಿದ್ದರು, ತಮ್ಮ ಇಬ್ಬರು ಕಿವುಡ ಶಿಷ್ಯರನ್ನು ಕರೆದುಕೊಂಡು. ಗ್ಯಾಲಡೆಟ್ ಅವರನ್ನು ಕಂಡ, ಪ್ಯಾರಿಸ್ಸಿಗೆ ಹೋದ, 1816ರಲ್ಲಿ ಆ ಶಿಷ್ಯರಲ್ಲೊಬ್ಬರಾದ ಲೋರಾಂ ಕ್ಲೆರ್ ಅವರನ್ನು ಒಪ್ಪಿಸಿ ಅಮೆರಿಕಕ್ಕೆ ಹೊರಟ. ಕ್ಲೆರ್ ಚಿಕ್ಕಂದಿನಿಂದಲೂ ಕಿವುಡರು, ಪ್ಯಾರಿಸ್ ಶಾಲೆಯಲ್ಲಿ ಆಗಲೇ ಮೇಷ್ಟರಾಗಿದ್ದವರು. ಹಡಗಿನಲ್ಲಿ 52 ದಿನ. ಕ್ಲೆರ್ ಇಂಗ್ಲಿಷ್ ಕಲಿತರು, ಗ್ಯಾಲಡೆಟ್ ಸನ್ನೆ ಕಲಿತ.

ಇಂಗ್ಲಿಷ್ ಮಾತಾಡುವ ಅಮೆರಿಕದ ಸನ್ನೆ ಭಾಷೆ ಇವತ್ತಿಗೂ ಬ್ರಿಟನ್ನಿನ ಸನ್ನೆ ಭಾಷೆಗಿಂತ ಫ್ರಾನ್ಸಿನದಕ್ಕೇ ಹತ್ತಿರ. ಬ್ರೇಡ್‌ವುಡ್ ಕುಟುಂಬ ಗುಟ್ಟು ಕಾಪಾಡಿಕೊಂಡಿದ್ದರ ಫಲ ಅದು.

1817ರ ಏಪ್ರಿಲ್ 15ರಂದು ಹಾರ್ಟ್‌ಫರ್ಡಿನಲ್ಲಿ ಶಾಲೆ ಶುರುವಾಯಿತು. ಏಳು ಜನ ವಿದ್ಯಾರ್ಥಿಗಳು, ಮೊದಲ ಹೆಸರು ಆಲಿಸ್. ಪಾಠ ಮಾಡುವವರಲ್ಲಿ ಒಬ್ಬರು ಸ್ವತಃ ಕಿವುಡರು. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಅಲ್ಲಿ ಕಲಿತ ಮಕ್ಕಳೇ ಮುಂದೆ ಬೇರೆ ರಾಜ್ಯಗಳಲ್ಲಿ ತೆರೆದ ಶಾಲೆಗಳಿಗೆ ಟೀಚರುಗಳಾಗಿ ಹೋದರು. ಅಪ್ಪ-ಮಗಳ ಕಥೆಯ ಕೊನೆ ಮಾತ್ರ ಬೇಸರದ್ದು. 1830ರ ಡಿಸೆಂಬರಿನಲ್ಲಿ ಕಾಗ್ಸ್‌ವೆಲ್ ತೀರಿಕೊಂಡರು. ಅದೇ ತಿಂಗಳು ಮುಗಿಯುವುದರೊಳಗೆ ಆಲಿಸ್ ಕೂಡ. 25 ವರ್ಷ ಅವಳಿಗೆ.

ಎರಡನೇ ಅಪ್ಪನ ಹೆಸರು ಗಾರ್ಡಿನರ್ ಹಬರ್ಡ್. ಬಾಸ್ಟನ್ನಿನ ವಕೀಲ, ಸಿರಿವಂತ. ಮಗಳು ಮೇಬಲ್ 1857ರಲ್ಲಿ ಹುಟ್ಟಿದ್ದು, ಐದು ವರ್ಷವಿದ್ದಾಗ ಸ್ಕಾರ್ಲೆಟ್ ಜ್ವರದಲ್ಲಿ ಕಿವಿ ಹೋಯಿತು. ಆ ಹೊತ್ತಿಗೆ ಹಾರ್ಟ್‌ಫರ್ಡ್ ಶಾಲೆ ಇತ್ತು. ಆದರೆ ಅಲ್ಲಿ ಸನ್ನೆ. ಮೇಬಲ್ ಆಗಲೇ ಪಟಪಟ ಮಾತಾಡುತ್ತಿದ್ದ ಹುಡುಗಿ, ಆ ಮಾತು ಉಳಿಯಬೇಕು ಅನ್ನುವುದು ಅಪ್ಪ-ಅಮ್ಮನ ಹಂಬಲ. ಯಾವ ಅಪ್ಪ-ಅಮ್ಮನಿಗೆ ತಾನೇ ಅನ್ನಿಸುವುದಿಲ್ಲ? ಮನೆಗೇ ಟೀಚರನ್ನು ಇಟ್ಟು ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಕಲಿಸಿದರು. ಜರ್ಮನಿಯಲ್ಲಿ 1778ರಿಂದಲೂ ಮಾತಿನ ಪದ್ಧತಿಯ ಶಾಲೆ ಇರುವುದು ಗೊತ್ತಾಗಿ, ನಮ್ಮಲ್ಲೂ ಅಂಥದು ಬೇಕು ಅಂತ ಹಬರ್ಡ್ ಮ್ಯಾಸಚೂಸೆಟ್ಸ್ ಶಾಸನಸಭೆಯ ಬೆನ್ನು ಬಿದ್ದರು. ಮೊದಲ ಸಲ ಆಗಲಿಲ್ಲ. ಎರಡನೇ ಸಲ ಮೇಬಲ್‌ಳನ್ನೇ ಸಮಿತಿಯ ಮುಂದೆ ಕೂರಿಸಿ ಮಾತಾಡಿಸಿದರು. 1867ರಲ್ಲಿ ನಾರ್ಥಾಂಪ್ಟನ್ನಿನಲ್ಲಿ ಕ್ಲಾರ್ಕ್ ಶಾಲೆ ಶುರುವಾಯಿತು. ಇಲ್ಲಿ ಸನ್ನೆ ನಿಷಿದ್ಧ.

ಇಲ್ಲಿ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಲಿಸ್‌ಗೆ ಕಿವಿ ಹೋದದ್ದು ಎರಡಕ್ಕೆ, ಮೇಬಲ್‌ಗೆ ಐದಕ್ಕೆ. ಮೂರೇ ವರ್ಷದ ವ್ಯತ್ಯಾಸ. ಆದರೆ ಆ ಮೂರು ವರ್ಷದಲ್ಲೇ ಅಲ್ಲವೇ ಮಗುವಿಗೆ ಭಾಷೆ ಅನ್ನುವುದು ಒಳಗಿಳಿಯುವುದು? ಮೇಬಲ್ ಹೊಸದಾಗಿ ಭಾಷೆ ಕಲಿಯಬೇಕಿರಲಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕಿತ್ತು. ಆಲಿಸ್ ಸೊನ್ನೆಯಿಂದ ಶುರು ಮಾಡಬೇಕಿತ್ತು. ಹಬರ್ಡ್ ತನ್ನ ಮಗಳಿಗೆ ಆರಿಸಿದ್ದು ತಪ್ಪು ಅಂತ ನನಗನ್ನಿಸುವುದಿಲ್ಲ, ಕಾಗ್ಸ್‌ವೆಲ್ ಆರಿಸಿದ್ದೂ ತಪ್ಪಲ್ಲ. ಒಂದು ಮಗುವಿಗೆ ಹೊಂದಿದ್ದನ್ನು ಎಲ್ಲ ಮಕ್ಕಳಿಗೂ ಕಡ್ಡಾಯ ಮಾಡಿದ್ದು ತಪ್ಪು. ಆ ತಪ್ಪು ನಡೆದದ್ದು ಇನ್ನು ಹದಿಮೂರು ವರ್ಷಕ್ಕೆ.

ಅದಕ್ಕೆ ಮೊದಲು ಒಂದು ಉಪಕಥೆ. ಮೇಬಲ್‌ಗೆ ಹದಿನೈದು-ಹದಿನಾರು ವರ್ಷವಿದ್ದಾಗ ಮಾತು ತಿದ್ದಲು ಬಂದ ಮೇಷ್ಟರ ಹೆಸರು ಅಲೆಕ್ಸಾಂಡರ್ ಗ್ರಹಾಂ ಬೆಲ್. ಹೌದು, ಅವರೇ. ಬೆಲ್‌ರ ತಾಯಿಗೂ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವರ ಪ್ರಯೋಗಗಳಿಗೆ ದುಡ್ಡು ಹಾಕಿದವರು ಹಬರ್ಡ್. 1876ರಲ್ಲಿ ಟೆಲಿಫೋನಿನ ಪೇಟೆಂಟು, 1877ರಲ್ಲಿ ಮೇಬಲ್ ಜೊತೆ ಮದುವೆ. ಕಿವುಡರ ಮೇಷ್ಟರೊಬ್ಬರು ಮಾಡಿದ ಫೋನು ಕಿವುಡರಿಗೆ ಮಾತ್ರ ಸುಮಾರು ತೊಂಬತ್ತು ವರ್ಷ ಉಪಯೋಗಕ್ಕೆ ಬರಲಿಲ್ಲ. 1964ರಲ್ಲಿ ರಾಬರ್ಟ್ ವೈಟ್‌ಬ್ರೆಕ್ಟ್ ಅನ್ನುವ ಕಿವುಡ ಭೌತವಿಜ್ಞಾನಿ ಹಳೇ ಟೆಲಿಪ್ರಿಂಟರನ್ನು ಫೋನಿಗೆ ಜೋಡಿಸುವ ಮೋಡೆಮ್ ಮಾಡಿದ ಮೇಲಷ್ಟೇ ಅವರಿಗೂ ಫೋನು ಬಂತು. ಅದಿರಲಿ, ವಿಷಯಕ್ಕೆ ಬರೋಣ.

1880ರ ಸೆಪ್ಟೆಂಬರಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 164 ಪ್ರತಿನಿಧಿಗಳು, ಬಹುಪಾಲು ಇಟಲಿ ಮತ್ತು ಫ್ರಾನ್ಸಿನವರು. ಕಿವುಡ ಮಕ್ಕಳಿಗೆ ಸನ್ನೆಗಿಂತ ಮಾತೇ ಮೇಲು ಎಂಬ ಠರಾವು ಬಂತು. ಪರವಾಗಿ 160, ವಿರುದ್ಧ 4. ಅಷ್ಟು ಜನರಲ್ಲಿ ಕಿವುಡರು ಒಬ್ಬರೇ, ಅಮೆರಿಕದಿಂದ ಬಂದಿದ್ದ ಜೇಮ್ಸ್ ಡೆನಿಸನ್. ಯಾರ ಬದುಕಿನ ಬಗ್ಗೆ ವೋಟು ಹಾಕುತ್ತಿದ್ದರೋ ಅವರ ಕಡೆಯಿಂದ ಒಬ್ಬ.

ಯಾಕೆ ಹೀಗಾಯಿತು? ಇಟಲಿ ಆಗಷ್ಟೇ ಒಂದು ದೇಶವಾಗಿತ್ತು, ಒಂದು ದೇಶಕ್ಕೆ ಒಂದು ಭಾಷೆ ಅನ್ನುವ ಗಾಳಿ ಜೋರಾಗಿ ಬೀಸುತ್ತಿತ್ತು (ನಮಗೇನೂ ಹೊಸ ವಿಷಯವಲ್ಲ). ಸನ್ನೆ ಅಂದರೆ ಕಾಡುಮನುಷ್ಯರ ಕಾಲದ್ದು, ಮಾತು ಅಂದರೆ ನಾಗರಿಕತೆ ಅನ್ನುವ ಯೋಚನೆಯೂ ಆ ಕಾಲದಲ್ಲಿ ಫ್ಯಾಶನ್ನು. ಜೊತೆಗೆ ಮಿಲಾನ್ ಶಾಲೆಗಳ ಮಕ್ಕಳಿಂದ ಡೆಮೊ ಕೊಡಿಸಿದರು, ಮಕ್ಕಳು ಸೊಗಸಾಗಿ ಮಾತಾಡಿದರು. ಇದು ಮೊದಲೇ ಗಿಳಿಪಾಠ ಮಾಡಿಸಿದ್ದು ಅನ್ನುವ ಅನುಮಾನವನ್ನು ಅಲ್ಲಿದ್ದ ಅಮೆರಿಕದವರು ಆಮೇಲೆ ವ್ಯಕ್ತಪಡಿಸಿದ್ದಾರೆ. ಕ್ಲೈಂಟ್ ಡೆಮೊ ಹೇಗೆ ನಡೆಯುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲವಲ್ಲ.

ಮಿಲಾನ್ ಆದ ಮೇಲೆ ಯುರೋಪಿನ ಶಾಲೆಗಳು ಒಂದೊಂದಾಗಿ ಮಾತಿನ ಪದ್ಧತಿಗೆ ತಿರುಗಿದವು, ಲೆಪೆ ಕಟ್ಟಿದ ಪ್ಯಾರಿಸ್ ಶಾಲೆಯೂ ಸೇರಿ. ಸನ್ನೆ ಮಾಡಿದ ಮಕ್ಕಳಿಗೆ ಬೆರಳ ಗೆಣ್ಣಿನ ಮೇಲೆ ರೂಲು ದೊಣ್ಣೆಯ ಏಟು, ಕೈಗಳ ಮೇಲೆ ಕುಂಡೆಯೂರಿ ಕೂರುವ ಶಿಕ್ಷೆ. ಇವೆಲ್ಲ ಆ ಶಾಲೆಗಳಲ್ಲಿ ಓದಿದವರೇ ಹೇಳಿದ ನೆನಪುಗಳು. ಆದರೆ ನನಗೆ ಇದಕ್ಕಿಂತ ದೊಡ್ಡ ನಷ್ಟ ಅನ್ನಿಸಿದ್ದು ಇನ್ನೊಂದು. ಶಾಲೆಯಲ್ಲಿ ಮಾತು ಮಾತ್ರ ಅಂದ ಮೇಲೆ ಕಿವುಡ ಟೀಚರುಗಳಿಗೆ ಅಲ್ಲೇನು ಕೆಲಸ? ಅವರನ್ನು ಹೊರಗೆ ಕಳಿಸಿದರು. ಹೊಸಬರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಬೆಲ್ 1883ರಲ್ಲಿ ಮಂಡಿಸಿದ ಒಂದು ಪ್ರಬಂಧದಲ್ಲಿ ಕಿವುಡರು ಕಿವುಡರನ್ನೇ ಮದುವೆಯಾಗಿ ಕಿವುಡರ ಒಂದು ಪಂಗಡವೇ ಹುಟ್ಟಿಬಿಡುತ್ತದೆ ಅಂತ ಆತಂಕಪಟ್ಟು, ಅವರ ವಸತಿ ಶಾಲೆ, ಸನ್ನೆ ಭಾಷೆ, ಕಿವುಡ ಟೀಚರು ಮೂರನ್ನೂ ಕಾರಣಗಳ ಪಟ್ಟಿಗೆ ಸೇರಿಸಿದರು. ವಾಷಿಂಗ್ಟನ್ನಿನ ಕಿವುಡರ ಕಾಲೇಜು (1864ರಲ್ಲಿ ಲಿಂಕನ್ ಸಹಿ ಹಾಕಿ ಪದವಿ ಕೊಡುವ ಅಧಿಕಾರ ಕೊಟ್ಟದ್ದು, ನಡೆಸುತ್ತಿದ್ದವನು ಥಾಮಸ್ ಗ್ಯಾಲಡೆಟ್‌ನ ಮಗ ಎಡ್ವರ್ಡ್) ಸನ್ನೆಯನ್ನು ಬಿಡಲಿಲ್ಲ, ನಿಜ. ಆದರೆ 1891ರಲ್ಲಿ ಅಲ್ಲಿ ಟೀಚರ್ ಟ್ರೈನಿಂಗ್ ಶುರುವಾದಾಗ, ಬೆಲ್‌ರ ವಿರೋಧದ ನಡುವೆ, ಅದಕ್ಕೂ ಕಿವಿ ಕೇಳುವವರನ್ನಷ್ಟೇ ಸೇರಿಸಿಕೊಂಡರು.

ಇದರ ಪರಿಣಾಮ ಯೋಚಿಸಿ. ಬಹುಪಾಲು ಕಿವುಡ ಮಕ್ಕಳು ಹುಟ್ಟುವುದು ಕಿವಿ ಕೇಳುವ ಅಪ್ಪ-ಅಮ್ಮನಿಗೆ, ಪುಟ್ಟಿಯ ಹಾಗೆ. ಮನೆಯಲ್ಲಿ ಕಿವುಡರಿಲ್ಲ, ಶಾಲೆಯಲ್ಲೂ ದೊಡ್ಡ ಕಿವುಡರಿಲ್ಲ. ಅಂದರೆ ತಾನು ದೊಡ್ಡವಳಾದ ಮೇಲೆ ಹೇಗಿರುತ್ತೇನೆ ಅಂತ ನೋಡಲು ಆ ಮಗುವಿಗೆ ಒಬ್ಬರೂ ಸಿಗುವುದಿಲ್ಲ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಸನ್ನೆ ಭಾಷೆ ಸಾಯಲಿಲ್ಲ, ಹಾಸ್ಟೆಲ್ಲುಗಳಲ್ಲಿ, ದೀಪದ ಕೆಳಗೆ, ದೊಡ್ಡ ಮಕ್ಕಳಿಂದ ಚಿಕ್ಕ ಮಕ್ಕಳಿಗೆ ದಾಟಿಕೊಂಡು ಉಳಿಯಿತು. 1960ರಲ್ಲಿ ಗ್ಯಾಲಡೆಟ್ ಕಾಲೇಜಿನ ಇಂಗ್ಲಿಷ್ ಮೇಷ್ಟರು ವಿಲಿಯಂ ಸ್ಟೋಕಿ, ಇದು ಬರೀ ಕೈಸನ್ನೆಯಲ್ಲ, ತನ್ನದೇ ವ್ಯಾಕರಣವಿರುವ ಪೂರ್ತಿ ಭಾಷೆ ಅಂತ ತೋರಿಸಿದರು. ಅದೇ ಕಾಲೇಜಿನಲ್ಲೇ ಜನ ನಕ್ಕರು. 1965ರಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ನಿಘಂಟು ತಂದರು, ನಗು ನಿಂತಿತು. 1988ರಲ್ಲಿ ವಿದ್ಯಾರ್ಥಿಗಳು ಕ್ಯಾಂಪಸ್ಸಿನ ಗೇಟು ಬಂದ್ ಮಾಡಿ ಕೂತ ಮೇಲೆ ಆ ಸಂಸ್ಥೆಗೆ ಮೊದಲ ಕಿವುಡ ಅಧ್ಯಕ್ಷರು ಬಂದರು. 124 ವರ್ಷ ಹಿಡಿಯಿತು. ಮಿಲಾನಿನ ಠರಾವುಗಳು ತಪ್ಪು ಅಂತ ಅದೇ ಸಮ್ಮೇಳನ ಸರಣಿಯವರು ವ್ಯಾಂಕೂವರ್‌ನಲ್ಲಿ ಒಪ್ಪಿಕೊಂಡು ವಿಷಾದ ಹೇಳಿದ್ದು 2010ರಲ್ಲಿ.

ನಮ್ಮ ಕಡೆಯ ಕಥೆಯೂ ಈ ಗಾಳಿಯಲ್ಲೇ ಬೆಳೆದದ್ದು. ಕಿವುಡರ ಶಾಲೆಗಳು ಮುಂಬೈಯಲ್ಲಿ 1880ರ ದಶಕದಲ್ಲಿ, ಕಲ್ಕತ್ತೆಯಲ್ಲಿ 1893ರಲ್ಲಿ, ನಮ್ಮ ಮೈಸೂರಿನಲ್ಲಿ 1901ರಲ್ಲಿ (ಕುರುಡ ಮತ್ತು ಕಿವುಡ ಮಕ್ಕಳಿಗೆ ಸೇರಿಸಿ) ಶುರುವಾದವು. ಹೊತ್ತು ಗಮನಿಸಿದಿರಾ? ಎಲ್ಲವೂ ಮಿಲಾನ್ ಆದ ಮೇಲೆ. ನಮ್ಮ ಶಾಲೆಗಳಲ್ಲಿ ಮಾತಿನ ಪದ್ಧತಿಯೇ ಗಟ್ಟಿಯಾಗಿ ನಿಂತದ್ದು ಆಶ್ಚರ್ಯವಲ್ಲ. ಹೆಡ್ ಮೇಡಂ ಹೇಳಿದ ಸಾಲಿನ ವಂಶಾವಳಿ ಇದು. ಅವರು ಕೆಟ್ಟವರೇನಲ್ಲ, ತಮಗೆ ಕಲಿಸಿದ್ದನ್ನು ಹೇಳಿದರು.

ನಮ್ಮಲ್ಲೂ ಸನ್ನೆ ಭಾಷೆಯನ್ನು ಭಾಷೆ ಅಂತ ಅಧ್ಯಯನ ಮಾಡಿದವರಲ್ಲಿ ಮೊದಲಿಗರು ಮದನ್ ವಸಿಷ್ಠ. ಹಿಮಾಚಲದ ಹಳ್ಳಿಯವರು, ಹುಡುಗನಾಗಿದ್ದಾಗ ಕಿವಿ ಹೋಗಿ, ಮುಂದೆ ಗ್ಯಾಲಡೆಟ್‌ಗೆ ಹೋಗಿ ಓದಿದವರು. ಅವರೂ ಸಂಗಡಿಗರೂ ದೆಹಲಿ, ಮುಂಬೈ, ಕಲ್ಕತ್ತೆ, ಬೆಂಗಳೂರಿನ ಸನ್ನೆಗಳನ್ನು ಸಂಗ್ರಹಿಸಿದರು. ಪದಗಳು ಊರಿಂದೂರಿಗೆ ಸ್ವಲ್ಪ ಬೇರೆ, ವ್ಯಾಕರಣ ಒಂದೇ ಅಂತ ಕಂಡಿತು. ಬೆಂಗಳೂರು ಸನ್ನೆಗಳ ಪುಸ್ತಕ 1985ರಲ್ಲೇ ಬಂದಿದೆ, ಅದೂ ಅಮೆರಿಕದಿಂದ! ಹದಿನೈದು ವರ್ಷ ಈ ಊರಲ್ಲಿದ್ದರೂ ನನಗೆ ಗೊತ್ತಿರಲಿಲ್ಲ. ಸರ್ಕಾರದ ಭಾರತೀಯ ಸನ್ನೆ ಭಾಷೆಯ ಕೇಂದ್ರ ದೆಹಲಿಯಲ್ಲಿ ಶುರುವಾಗಿದ್ದು 2015ರಲ್ಲಿ. ಅವರ ನಿಘಂಟು 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ರ ಹೊತ್ತಿಗೆ 10,000 ಆಯಿತು. ಪುಟ್ಟಿಗೆ ತೋರಿಸಲು ಅಕ್ಕ ಅದರ ವೀಡಿಯೋಗಳನ್ನು ಈಗ ಫೋನಿನಲ್ಲಿ ನೋಡುತ್ತಾಳೆ.

ಇನ್ನೊಂದು ಕಡೆಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. 1867ರ ಕ್ಲಾರ್ಕ್ ಶಾಲೆಗೂ ಇವತ್ತಿಗೂ ಹೋಲಿಕೆ ಇಲ್ಲ. ಅಮೆರಿಕದಲ್ಲಿ 1990ರಲ್ಲಿ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಲು ಒಪ್ಪಿಗೆ ಸಿಕ್ಕಿದ ಮೇಲೆ ಲೆಕ್ಕವೇ ಬದಲಾಗಿದೆ. ನಮ್ಮಲ್ಲೂ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಇದಕ್ಕೆ ನೆರವು ಸಿಗುತ್ತದೆ. ಬೇಗ ಆಪರೇಷನ್ ಆಗಿ, ಆಮೇಲೆ ವರ್ಷಗಟ್ಟಲೆ ತರಬೇತಿ ಸಿಕ್ಕಿದ ಎಷ್ಟೋ ಮಕ್ಕಳು ಚೆನ್ನಾಗಿ ಮಾತಾಡುತ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತಾಯಂದಿರು ಮಕ್ಕಳ ಜೊತೆ ಕ್ಲಾಸಿನಲ್ಲೇ ಕೂತು ಕಲಿಯುವುದನ್ನು ನೋಡಿದರೆ ಮನಸ್ಸು ತುಂಬುತ್ತದೆ. ಆದರೆ ಎಲ್ಲ ಮಕ್ಕಳಿಗೂ ಒಂದೇ ಫಲ ಸಿಗುವುದಿಲ್ಲ, ಮೆಷೀನು ತೆಗೆದಿಟ್ಟು ಮಲಗಿದಾಗ ಮಗು ಮತ್ತೆ ಕಿವುಡೇ. ಮಾತು ಬರುವವರೆಗೆ ಮಗು ಭಾಷೆಯಿಲ್ಲದೆ ಕಾಯಬೇಕಾ ಅನ್ನುವುದು ನನ್ನ ಪ್ರಶ್ನೆ. ಎರಡೂ ಕೊಟ್ಟರೆ ಏನು ಕಷ್ಟ? ನಮ್ಮ ಮಕ್ಕಳು ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಕಲಿಯುವುದಿಲ್ಲವೇ?

ಇದೆಲ್ಲವನ್ನೂ ಒಂದು ಭಾನುವಾರ ಅಕ್ಕನಿಗೆ ಹೇಳಿದೆ. ಅವಳು ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು. ಮಿಲಾನ್, ಬೆಲ್ ಇವೆಲ್ಲ ಅವಳಿಗೆ ಅಷ್ಟೇನೂ ಹಿಡಿಸಿದ ಹಾಗೆ ಕಾಣಲಿಲ್ಲ. "ಆ ಹಡಗಲ್ಲಿ ಬಂದ ಮೇಷ್ಟ್ರ ವಿಷಯ ಇನ್ನೊಂದ್ಸಲ ಹೇಳು" ಅಂದಳು.

ಕಳೆದ ಶನಿವಾರ ಮೂರನೇ ಶಾಲೆಗೆ ಹೋಗಿದ್ದೆವು. ಫೀಸು, ವ್ಯಾನು, ಥೆರಪಿ ಎಲ್ಲ ಭಾವ ಕೇಳಿದರು. ಅಕ್ಕ ಕೇಳಿದ್ದು ಒಂದೇ, "ನಿಮ್ಮಲ್ಲಿ ಕಿವುಡ ಟೀಚರ್ ಯಾರಾದ್ರೂ ಇದಾರಾ?" ಇದ್ದರು. ಒಳಗಿಂದ ಒಬ್ಬರು ಬಂದರು, ನನ್ನ ವಯಸ್ಸಿನವರೇ ಇರಬೇಕು, ಕಿವಿಯಲ್ಲಿ ಮೆಷೀನೂ ಇತ್ತು. ನೆಲದ ಮೇಲೆ ಕೂತು ಪುಟ್ಟಿಗೆ ಏನೋ ಸನ್ನೆ ಮಾಡಿದರು. ಪುಟ್ಟಿ ಅವರ ಕೈಯನ್ನೇ ನೋಡಿದಳು, ಮುಖ ನೋಡಿದಳು, ಆಮೇಲೆ ನಮ್ಮ ಕಡೆ ತಿರುಗಿ ಎರಡೂ ಕಣ್ಣಿಗೆ ಬೆರಳಿನ ಉಂಗುರ ಮಾಡಿ ನನ್ನನ್ನು ಅವರಿಗೆ ಪರಿಚಯಿಸಿದಳು. ಅವರು ನಕ್ಕು ಅದೇ ಸನ್ನೆಯನ್ನು ವಾಪಸ್ ಮಾಡಿದರು.

ಇಂಪ್ಲಾಂಟಿಗೆ ಅರ್ಜಿ ಹಾಕಿದ್ದೂ ಆಗಿದೆ, ತಾರೀಖು ಇನ್ನೂ ಬಂದಿಲ್ಲ. ಜೂನಿನಿಂದ ಪುಟ್ಟಿ ಆ ಶಾಲೆಗೆ. ಶನಿವಾರ ಮಧ್ಯಾಹ್ನ ಮನೆಯವರಿಗೂ ಸನ್ನೆ ಕ್ಲಾಸು ಇದೆಯಂತೆ. ನನ್ನ ಹೆಸರನ್ನೂ ಅಕ್ಕ ಕೇಳದೆಯೇ ಬರೆಸಿ ಬಂದಿದ್ದಾಳೆ.